ಪಟ್ಟಣದ ಸಂಚಾರದ ಬಗ್ಗೆ ಸಲಹಾ ಮತ: ಕೇಳುವ ಮೊದಲು ಕೌನ್ಸಿಲ್ ಏನು ಹೇಳಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಚಿಕ್ಕ ಪಟ್ಟಣವೊಂದರಲ್ಲಿ ವಾಸವಾಗಿದ್ದೇವೆ. ನಮ್ಮ ಟೌನ್ ಕೌನ್ಸಿಲ್‌ನಲ್ಲಿ ಐವರು ಸದಸ್ಯರಿದ್ದಾರೆ. ಬರುವ ನವೆಂಬರ್ ಚುನಾವಣೆಯ ಮತಪತ್ರದಲ್ಲಿ ಸಂಚಾರಕ್ಕೆ ಸಂಬಂಧಿಸಿದ ಮೂರು ಸಲಹಾ ಪ್ರಶ್ನೆಗಳನ್ನು ಸೇರಿಸಬೇಕೇ ಎಂದು ಅಲ್ಲಿ ಚರ್ಚೆ ನಡೆಯುತ್ತಿದೆ. ಮುಖ್ಯರಸ್ತೆಯ ನಾಲ್ಕು ಪಥಗಳನ್ನು ಕಡಿಮೆ ಮಾಡಿ ಸೈಕಲ್ ಪಥಕ್ಕೆ ಜಾಗ ಕೊಡಬೇಕೇ ಎಂಬುದು ಮೊದಲನೆಯದು. ಪಟ್ಟಣದೊಳಗೆ ಓಡಾಡುವ ಶಟಲ್ ಬಸ್ ಬೇಕೇ ಎಂಬುದು ಎರಡನೆಯದು. ಸಂಚಾರದ ಖರ್ಚಿಗಾಗಿ ಮಾರಾಟ ತೆರಿಗೆಯನ್ನು ಹೆಚ್ಚಿಸಬಹುದೇ ಎಂಬುದು ಮೂರನೆಯದು. ಇದೇ ನಿಜವಾದ ಪ್ರಜಾಪ್ರಭುತ್ವ ಎಂದು ಕೆಲವು ಸದಸ್ಯರೂ, ಇದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯ ಎಂದು ಉಳಿದವರೂ ವಾದಿಸುತ್ತಿದ್ದಾರೆ. ಯಾರನ್ನೂ ಕಟ್ಟಿಹಾಕದ ಇಂಥ ಮತಕ್ಕೆ ಬೆಲೆ ಇದೆಯೇ? ನಾನು ವೀಸಾದ ಮೇಲಿರುವುದರಿಂದ ನನಗೆ ಮತದ ಹಕ್ಕಿಲ್ಲ. ಆದರೂ ಸಭೆಯಲ್ಲಿ ಮಾತನಾಡಬಹುದೇ, ಮಾತನಾಡಿದರೆ ಏನು ಹೇಳಬೇಕು? ಕರ್ನಾಟಕದ ಊರುಗಳಲ್ಲಿ ಇಂಥ ಮತದಾನಕ್ಕೆ ಅವಕಾಶವಿದೆಯೇ?

ಉತ್ತರ: ಜನರ ಉತ್ತರ ಬಂದ ಮೇಲೆ ತಾನು ಏನು ಮಾಡುತ್ತೇನೆ ಎಂಬುದನ್ನು ಕೌನ್ಸಿಲ್ ಮತದಾನಕ್ಕೆ ಮೊದಲೇ ಬರವಣಿಗೆಯಲ್ಲಿ ಹೇಳಿದ್ದರೆ ಸಲಹಾ ಮತಕ್ಕೆ ಬೆಲೆ ಇದೆ, ಹೇಳದಿದ್ದರೆ ಅದು ದುಬಾರಿಯಾದ ಅಭಿಪ್ರಾಯ ಸಂಗ್ರಹವಾಗಿ ಉಳಿಯುತ್ತದೆ. ನಿಮ್ಮ ಕೌನ್ಸಿಲ್‌ನ ಎರಡೂ ಗುಂಪುಗಳ ವಾದದಲ್ಲಿ ಹುರುಳಿದೆ, ಆದರೆ ಎರಡೂ ಗುಂಪುಗಳು ಈ ಒಂದು ಸಂಗತಿಯನ್ನು ಮುಟ್ಟುತ್ತಿಲ್ಲವೆಂದು ನಿಮ್ಮ ಪತ್ರದಿಂದ ತೋರುತ್ತದೆ.

ಮೊದಲು ಕಾನೂನನ್ನು ನೋಡೋಣ. ನಗರ, ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ಶಾಲಾ ಜಿಲ್ಲೆ ಮುಂತಾದ ಸ್ಥಳೀಯ ಸಂಸ್ಥೆಗಳು ತಮ್ಮ ಇಚ್ಛೆಯಂತೆ ಸಲಹಾ ಮತದಾನ ನಡೆಸಬಹುದೆಂದು ಕ್ಯಾಲಿಫೋರ್ನಿಯಾದ ಚುನಾವಣಾ ಸಂಹಿತೆಯ 9603ನೇ ಸೆಕ್ಷನ್ ಹೇಳುತ್ತದೆ. ಅದರ ಫಲಿತಾಂಶವು ಪ್ರಶ್ನೆ ಕೇಳಿದ ಸಂಸ್ಥೆಯನ್ನು ಯಾವ ರೀತಿಯಲ್ಲೂ ಬಂಧಿಸುವುದಿಲ್ಲ ಎಂದು ಅದೇ ಸೆಕ್ಷನ್ ಸ್ಪಷ್ಟವಾಗಿ ತಿಳಿಸುತ್ತದೆ. ಪ್ರಶ್ನೆಯ ತಲೆಯ ಮೇಲೆ ‘ಸಲಹಾ ಮತ ಮಾತ್ರ’ ಎಂಬ ಅರ್ಥದ ಶೀರ್ಷಿಕೆ ಅಚ್ಚಾಗಬೇಕೆಂದೂ ನಿಯಮವಿದೆ. ಹೀಗಾಗಿ ನೂರಕ್ಕೆ ಎಪ್ಪತ್ತು ಜನ ‘ಹೌದು’ ಎಂದರೂ ಕೌನ್ಸಿಲ್ ಮರುದಿನವೇ ಅದಕ್ಕೆ ವಿರುದ್ಧವಾದ ನಿರ್ಣಯ ಮಾಡಬಹುದು, ಆ ನಿರ್ಣಯವನ್ನು ಈ ಕಾರಣಕ್ಕಾಗಿ ಯಾವ ನ್ಯಾಯಾಲಯವೂ ರದ್ದು ಮಾಡುವುದಿಲ್ಲ. ಕೌನ್ಸಿಲರ್‌ಗಳಿಗೆ ಇರುವುದು ಮುಂದಿನ ಚುನಾವಣೆಯ ಭಯ ಮಾತ್ರ.

ಹಾಗಿದ್ದರೂ ಕೌನ್ಸಿಲ್‌ಗಳು ಈ ದಾರಿಯನ್ನು ಹಿಡಿಯಲು ಕಾರಣವೇನು? ಬಹಳ ಸಲ ಕಾರಣ ತೆರಿಗೆಯ ಲೆಕ್ಕದಲ್ಲಿರುತ್ತದೆ. 1978ರ ಪ್ರಪೊಸಿಷನ್ 13 ಮತ್ತು 1996ರ ಪ್ರಪೊಸಿಷನ್ 218, ಮತದಾರರೇ ನೇರವಾಗಿ ಒಪ್ಪಿದ ಈ ಎರಡು ನಿಯಮಗಳಿಂದಾಗಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಸಂಸ್ಥೆ ಜನರನ್ನು ಕೇಳದೆ ತೆರಿಗೆ ಏರಿಸುವಂತಿಲ್ಲ. ಬಂದ ಹಣ ಸಾಮಾನ್ಯ ನಿಧಿಗೆ ಹೋಗಿ ಯಾವುದಕ್ಕಾದರೂ ಬಳಕೆಯಾಗುವಂತಿದ್ದರೆ ಅದು ‘ಸಾಮಾನ್ಯ ತೆರಿಗೆ’. ಅದಕ್ಕೆ ಮತದಾರರ ಸರಳ ಬಹುಮತ ಸಾಕು. ‘ಈ ಹಣ ಬಸ್ಸಿಗೆ ಮಾತ್ರ, ರಸ್ತೆಗೆ ಮಾತ್ರ’ ಎಂದು ಕಟ್ಟಿಟ್ಟು ಕೌನ್ಸಿಲ್ ಕೇಳಿದರೆ ಅದು ‘ವಿಶೇಷ ತೆರಿಗೆ’; ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ: ಮಾರಾಟ ತೆರಿಗೆಯ ಪ್ರಸ್ತಾವವನ್ನು ಮತಪತ್ರಕ್ಕೆ ಕಳುಹಿಸಲು ಕೌನ್ಸಿಲ್‌ನ ಒಟ್ಟು ಸದಸ್ಯರಲ್ಲೇ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಐವರ ಕೌನ್ಸಿಲ್‌ನಲ್ಲಿ ಹಾಗೆಂದರೆ ನಾಲ್ವರು. ಸಲಹಾ ಪ್ರಶ್ನೆಗೆ ಮೂವರು ಸಾಕು.

ಆದ್ದರಿಂದ ನಿಮ್ಮ ಮೂರನೆಯ ಪ್ರಶ್ನೆಯನ್ನು ನೋಡಿದ ಕೂಡಲೇ ನನಗೆ ಬರುವ ಅನುಮಾನವೆಂದರೆ, ಬಹುಶಃ ನಾಲ್ಕನೆಯ ಸದಸ್ಯರ ಒಪ್ಪಿಗೆ ಸಿಕ್ಕಿಲ್ಲ. ಅದು ತಪ್ಪೇನಲ್ಲ, ಒಪ್ಪದ ಸದಸ್ಯರನ್ನು ಜನಾಭಿಪ್ರಾಯದ ಮೂಲಕ ಒಲಿಸುವುದು ರಾಜಕೀಯದ ಒಂದು ಸಭ್ಯವಾದ ಬಗೆ. ಆದರೆ ‘ಸಲಹಾ ಮತ ಮಾತ್ರ’ ಎಂಬ ಶೀರ್ಷಿಕೆಯನ್ನು ಎಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೂ, ತೆರಿಗೆಯ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದ ಮತದಾರರಲ್ಲಿ ಅನೇಕರು ತೆರಿಗೆ ಮಂಜೂರಾಯಿತೆಂದೇ ತಿಳಿಯುತ್ತಾರೆ. ಎರಡು ವರ್ಷಗಳ ನಂತರ ಅದೇ ತೆರಿಗೆಯನ್ನು, ಈ ಸಲ ನಿಜವಾಗಿ, ಮತ್ತೆ ಅವರ ಮುಂದೆ ಇಟ್ಟಾಗ ‘ಆಗಲೇ ಕೇಳಿದ್ದಿರಲ್ಲ’ ಎಂಬ ಅಸಮಾಧಾನ ಮತವಾಗಿ ಬೀಳುತ್ತದೆ. ತೆರಿಗೆಯನ್ನು ಕೇಳುವುದಾದರೆ ನೇರವಾಗಿ ಕೇಳಬೇಕು, ಇಲ್ಲವಾದರೆ ಕೇಳಬಾರದು ಎಂಬುದು ನನ್ನ ಅಭಿಪ್ರಾಯ.

ಸಲಹಾ ಮತವನ್ನು ತೆರಿಗೆಯ ಜೊತೆಗಿಟ್ಟು ಜಾಣತನದಿಂದ ಬಳಸಿದ ಉದಾಹರಣೆ ನಿಮ್ಮ ಬೇ ಏರಿಯಾದಲ್ಲೇ ಇದೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ 1992ರಲ್ಲಿ ಸಂಚಾರಕ್ಕೆಂದು ಡಾಲರಿಗೆ ಅರ್ಧ ಸೆಂಟಿನ ಮಾರಾಟ ತೆರಿಗೆಗೆ ಬಹುಮತ ಬಂದಿತ್ತು, ಆದರೆ ಮೂರರಲ್ಲಿ ಎರಡು ಪಾಲು ಬಂದಿರಲಿಲ್ಲ. 1995ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದೇ ಕಾರಣಕ್ಕೆ ಆ ತೆರಿಗೆಯನ್ನು ಅಸಿಂಧುಗೊಳಿಸಿತು. 1996ರಲ್ಲಿ ಕೌಂಟಿ ಎರಡು ಪ್ರಶ್ನೆಗಳನ್ನು ಒಂದೇ ಮತಪತ್ರದಲ್ಲಿ ಇಟ್ಟಿತು. ‘ಮೆಷರ್ ಎ’ ಸಲಹಾ ಮತ: ಹೊಸ ಹಣ ಬಂದರೆ ಅದನ್ನು ಇಂತಿಂಥ ರಸ್ತೆ ಮತ್ತು ಲೈಟ್ ರೈಲ್ (ಟ್ರಾಮಿನಂಥ ನಗರ ರೈಲು) ಯೋಜನೆಗಳಿಗೆ ಬಳಸಬೇಕೇ ಎಂಬ ಪಟ್ಟಿ ಅದರಲ್ಲಿತ್ತು. ‘ಮೆಷರ್ ಬಿ’ ಒಂಬತ್ತು ವರ್ಷಗಳ ಅರ್ಧ ಸೆಂಟಿನ ಸಾಮಾನ್ಯ ತೆರಿಗೆ. ಅದರಲ್ಲಿ ಸಂಚಾರದ ಮಾತೇ ಇರಲಿಲ್ಲ. ಎರಡಕ್ಕೂ ಬಹುಮತ ಬಂದಿತು. ಇದು ವೇಷ ಮರೆಸಿದ ವಿಶೇಷ ತೆರಿಗೆ ಎಂದು ವಿರೋಧಿಗಳು ನ್ಯಾಯಾಲಯಕ್ಕೆ ಹೋದರು. ಪಟ್ಟಿ ಕೌಂಟಿಯನ್ನು ಬಂಧಿಸದ ಕಾರಣ ತೆರಿಗೆ ಸಾಮಾನ್ಯವಾದದ್ದೇ ಎಂದು ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತೀರ್ಪು ಕೊಟ್ಟಿತು. ಸಲಹಾ ಮತದ ದೌರ್ಬಲ್ಯವೇ ಇಲ್ಲಿ ಅದರ ಬಲವಾಯಿತು. ಸ್ಯಾನ್ ಹೋಸೆ ಮತ್ತು ಮಾರ್ಗನ್ ಹಿಲ್ ನಡುವೆ 101ನೇ ಹೆದ್ದಾರಿಯ ಅಗಲೀಕರಣ, ಟ್ಯಾಸ್ಮನ್, ಕ್ಯಾಪಿಟಲ್ ಮತ್ತು ವಸೋನಾ ಲೈಟ್ ರೈಲ್ ಮಾರ್ಗಗಳು ಆ ಪಟ್ಟಿಯ ಕಾಮಗಾರಿಗಳು. ಕೌಂಟಿ ಕೊಟ್ಟ ಮಾತನ್ನು ಉಳಿಸಿಕೊಂಡಿತು. ಮತದಾರನ ಮುಂದೆ ಸಾಮಾನೂ ಅದರ ಬೆಲೆಯೂ ಒಂದೇ ದಿನ ಇದ್ದವು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ನಿಮ್ಮ ಕೌನ್ಸಿಲ್‌ನ ಮೂರು ಪ್ರಶ್ನೆಗಳಲ್ಲಿ ಬೆಲೆಯೂ ಸಲಹೆಯೇ ಆಗಿರುವುದರಿಂದ ಅದು ಈ ಮಾದರಿಯಲ್ಲ.

ಈಗ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವುದರ ತೊಡಕಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ನಿಮ್ಮ ಕೌನ್ಸಿಲ್ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ಸಮುದ್ರದಂಡೆಯಲ್ಲಿ 1950ರ ದಶಕದಲ್ಲಿ ಕಟ್ಟಿದ ಅಲಾಸ್ಕನ್ ವೇ ವಯಡಕ್ಟ್ ಎಂಬ ಎರಡು ಅಂತಸ್ತಿನ ಮೇಲ್ಸೇತುವೆ ಇತ್ತು. 2001ರ ಫೆಬ್ರವರಿ 28ರ ನಿಸ್ಕ್ವಾಲಿ ಭೂಕಂಪದಲ್ಲಿ ಅದು ಜಖಂಗೊಂಡಿತು. ದಿನಕ್ಕೆ ಸುಮಾರು 1,10,000 ವಾಹನಗಳು ಓಡಾಡುತ್ತಿದ್ದ ಆ ಸೇತುವೆಯ ಜಾಗದಲ್ಲಿ ಮುಂದೇನು ಎಂಬ ಬಗ್ಗೆ ಮೇಯರ್ ಗ್ರೆಗ್ ನಿಕಲ್ಸ್ ಅವರಿಗೂ ರಾಜ್ಯಪಾಲೆ ಕ್ರಿಸ್ಟೀನ್ ಗ್ರೆಗೋಯರ್ ಅವರಿಗೂ ಒಮ್ಮತ ಮೂಡಲಿಲ್ಲ. (ಅಲ್ಲಿನ ರಾಜ್ಯಪಾಲರು ನಮ್ಮಲ್ಲಿನಂತೆ ನೇಮಕಗೊಂಡವರಲ್ಲ, ಚುನಾಯಿತ ಆಡಳಿತ ಮುಖ್ಯಸ್ಥರು.) ಕೊನೆಗೆ 2007ರ ಮಾರ್ಚ್ 13ರಂದು ಜನರ ಮುಂದೆ ಎರಡು ಸಲಹಾ ಪ್ರಶ್ನೆಗಳು ಬಂದವು: ಹೊಸ ಮೇಲ್ಸೇತುವೆ ಬೇಕೇ, ಹೌದು ಅಥವಾ ಇಲ್ಲ, ಸುರಂಗವನ್ನು ಒಳಗೊಂಡ ಮಾರ್ಗ ಬೇಕೇ, ಹೌದು ಅಥವಾ ಇಲ್ಲ. ಸೇತುವೆಗೆ ಸುಮಾರು ಶೇ 57ರಷ್ಟು ಜನ ಇಲ್ಲ ಎಂದರು, ಸುರಂಗಕ್ಕೆ ಸುಮಾರು ಶೇ 70ರಷ್ಟು ಜನ ಇಲ್ಲ ಎಂದರು. ಮೇಲ್ಸೇತುವೆಯನ್ನೂ ಸುರಂಗವನ್ನೂ ಬಿಟ್ಟು ನೆಲದ ರಸ್ತೆ ಮತ್ತು ಬಸ್ಸುಗಳನ್ನೇ ಸುಧಾರಿಸುವ ಮೂರನೆಯ ದಾರಿಗೆ ಬೆಂಬಲಿಗರಿದ್ದರೂ ಅದು ಮತಪತ್ರದಲ್ಲೇ ಇರಲಿಲ್ಲ.

ಜನ ಗೊಂದಲದಲ್ಲಿದ್ದರು ಎಂದು ಆಗ ಕೆಲವರು ಟೀಕಿಸಿದರು. ಗೊಂದಲ ಇದ್ದದ್ದು ಪ್ರಶ್ನೆಯ ರಚನೆಯಲ್ಲಿ. ನೂರು ಮತದಾರರಿದ್ದಾರೆ ಎಂದಿಟ್ಟುಕೊಳ್ಳಿ. ನಲವತ್ತು ಜನರಿಗೆ ಸೇತುವೆ ಬೇಕು, ಮೂವತ್ತು ಜನರಿಗೆ ಸುರಂಗ ಬೇಕು, ಮೂವತ್ತು ಜನರಿಗೆ ನೆಲದ ರಸ್ತೆ ಬೇಕು. ಪ್ರತಿಯೊಬ್ಬರೂ ತಮಗೆ ಬೇಕಾದದ್ದಕ್ಕೆ ಮಾತ್ರ ಹೌದು ಎನ್ನುತ್ತಾರೆ. ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ಸೇತುವೆಗೆ ಅರವತ್ತು ಇಲ್ಲ, ಸುರಂಗಕ್ಕೆ ಎಪ್ಪತ್ತು ಇಲ್ಲ. ಒಬ್ಬನೇ ಒಬ್ಬ ಮತದಾರನೂ ಗೊಂದಲಪಟ್ಟಿಲ್ಲ, ಆದರೂ ಊರಿಗೆ ಉತ್ತರ ಸಿಕ್ಕಿಲ್ಲ. ಸಿಯಾಟಲ್‌ನಲ್ಲಿ ಮುಂದೆ ನಡೆದದ್ದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ: 2009ರ ಜನವರಿಯಲ್ಲಿ ರಾಜ್ಯ, ಕೌಂಟಿ ಮತ್ತು ನಗರದ ಮುಖ್ಯಸ್ಥರು ಸೇರಿ ಬೇರೊಂದು ಬಗೆಯ ಸುರಂಗವನ್ನು, ಆಳದಲ್ಲಿ ಯಂತ್ರದಿಂದ ಕೊರೆಯುವಂಥದ್ದನ್ನು, ಆರಿಸಿಕೊಂಡರು, 2011ರ ಆಗಸ್ಟ್‌ನಲ್ಲಿ ಅದರ ಒಪ್ಪಂದಗಳ ಮೇಲೆ ನಡೆದ ಜನಮತದಲ್ಲಿ ಸುರಂಗದ ಪರವಾದ ಬದಿ ಶೇ 58ರ ಆಸುಪಾಸಿನ ಮತದಿಂದ ಗೆದ್ದಿತು, 2019ರ ಫೆಬ್ರವರಿಯಲ್ಲಿ ಸುರಂಗ ಸಂಚಾರಕ್ಕೆ ತೆರೆಯಿತು. ಮೊದಲು ಶೇ 70ರಷ್ಟು ಜನ ಬೇಡವೆಂದದ್ದರ ಹತ್ತಿರದ ಬಂಧುವನ್ನೇ ನಾಲ್ಕು ವರ್ಷಗಳ ನಂತರ ಅದೇ ಊರು ಒಪ್ಪಿತು. 2007ರ ಮತದಿಂದ ಏನು ತಿಳಿಯಿತು ಎಂದು ಕೇಳಿದರೆ, ಬಹಳ ಕಡಿಮೆ ಎನ್ನಬೇಕಾಗುತ್ತದೆ.

ನಿಮ್ಮ ಪಟ್ಟಣದ ಮೂರು ಪ್ರಶ್ನೆಗಳಲ್ಲಿ ಇದೇ ಅಪಾಯ ಬೇರೆ ರೂಪದಲ್ಲಿದೆ. ಶಟಲ್ ಬಸ್ಸಿಗೆ ‘ಹೌದು’, ತೆರಿಗೆಗೆ ‘ಇಲ್ಲ’ ಎಂಬ ಫಲಿತಾಂಶ ಬರುವ ಸಾಧ್ಯತೆ ಬಹಳ ಹೆಚ್ಚು, ಏಕೆಂದರೆ ಬಸ್ಸಿನ ಪ್ರಶ್ನೆಯಲ್ಲಿ ಖರ್ಚಿನ ಮಾತಿಲ್ಲ, ತೆರಿಗೆಯ ಪ್ರಶ್ನೆಯಲ್ಲಿ ಬಸ್ಸಿನ ಮುಖವಿಲ್ಲ. ಆಗ ಕೌನ್ಸಿಲ್ ಏನು ಮಾಡುತ್ತದೆ? ಗ್ರಂಥಾಲಯದ ಹಣವನ್ನು ಕಡಿದು ಬಸ್ ಓಡಿಸುತ್ತದೆಯೇ, ಹಣವಿಲ್ಲವೆಂದು ಬಸ್ಸನ್ನೇ ಕೈಬಿಡುತ್ತದೆಯೇ? ಎರಡರಲ್ಲಿ ಯಾವುದನ್ನು ಮಾಡಿದರೂ ‘ಜನ ಹೇಳಿದ್ದನ್ನೇ ಮಾಡಿದ್ದೇವೆ’ ಎಂದು ಹೇಳಿಕೊಳ್ಳಬಹುದು. ಹೂವಿನ ಪ್ರಸಾದ ಕೇಳುವಾಗ ಬಲಕ್ಕೆ ಬಿದ್ದರೆ ಏನು, ಎಡಕ್ಕೆ ಬಿದ್ದರೆ ಏನು ಎಂದು ಮೊದಲೇ ಹೇಳಿಕೊಳ್ಳದೆ ಕೈಮುಗಿದು ನಿಂತ ಹಾಗಾಗುತ್ತದೆ ಇದು. ಬಿದ್ದ ಮೇಲೆ ಅರ್ಥವನ್ನು ಬೇಕಾದಂತೆ ಹೇಳಿಕೊಳ್ಳಬಹುದು. ಎರಡನ್ನೂ ಸೇರಿಸಿ, ‘ವರ್ಷಕ್ಕೆ ಇಷ್ಟು ಡಾಲರ್ ಖರ್ಚಾಗುವ ಶಟಲ್ ಬಸ್ಸನ್ನು ಇಂಥ ಮೂಲದ ಹಣದಿಂದ ಓಡಿಸಬೇಕೇ’ ಎಂಬ ಒಂದೇ ಪ್ರಶ್ನೆಯನ್ನಾಗಿ ಮಾಡಿದರೆ ‘ಹೌದು’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಒಂದೊಂದೇ ಅರ್ಥ ಉಳಿಯುತ್ತದೆ.

ಪ್ರಶ್ನೆಯ ಮಾತುಗಳ ಬಗ್ಗೆಯೂ ಹೇಳಬೇಕು. ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ಸ್ಥಳೀಯ ಪ್ರಶ್ನೆ 75 ಪದಗಳನ್ನು ಮೀರುವಂತಿಲ್ಲ, ಅದು ಪಕ್ಷಪಾತವಿಲ್ಲದ, ನಿಜವಾದ ವಿವರಣೆಯಾಗಿರಬೇಕು. 75 ಪದಗಳಲ್ಲಿ ಬಹಳಷ್ಟು ಅಡಗಿಸಬಹುದು ಎಂಬುದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋ ಸಾಕ್ಷಿ. ನಗರದೊಳಗೆ ಬರುವ ವಾಹನಗಳಿಗೆ ದಿನಕ್ಕೆ 2 ಪೌಂಡ್ ದಟ್ಟಣೆ ಶುಲ್ಕ ಹಾಕುವ ಯೋಜನೆಯ ಮೇಲೆ 2005ರ ಫೆಬ್ರವರಿಯಲ್ಲಿ ಅಂಚೆ ಮತದಾನ ನಡೆದಾಗ, ‘ಕೌನ್ಸಿಲ್‌ನ ಆದ್ಯತೆಯ ಕಾರ್ಯತಂತ್ರವನ್ನು ಬೆಂಬಲಿಸುತ್ತೀರಾ’ ಎಂಬ ಧಾಟಿಯಲ್ಲಿ ಪ್ರಶ್ನೆ ಕೇಳಲಾಯಿತು. ಕೌನ್ಸಿಲ್ ತನ್ನ ಒಲವನ್ನು ಪ್ರಶ್ನೆಯಲ್ಲೇ ಸೇರಿಸಿದ್ದು ಅದಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ: ಶೇ 60ಕ್ಕಿಂತ ಹೆಚ್ಚು ಜನ ಮತ ಹಾಕಿದರು, ಅವರಲ್ಲಿ ಸುಮಾರು ಶೇ 74ರಷ್ಟು ಜನ ಬೇಡವೆಂದರು, ಯೋಜನೆ ಅಲ್ಲಿಗೇ ಮುಗಿಯಿತು.

ಇದೇ ಬಗೆಯ ಶುಲ್ಕಕ್ಕೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಬೇರೆ ಗತಿ ಬಂದದ್ದು ಕ್ರಮವನ್ನು ತಿರುಗಿಸಿದ್ದರಿಂದ. ಅಲ್ಲಿ ಮೊದಲು ಪ್ರಯೋಗ ನಡೆಯಿತು, ಆಮೇಲೆ ಮತದಾನ. 2006ರ ಜನವರಿ 3ರಿಂದ ಜುಲೈ 31ರವರೆಗೆ ಶುಲ್ಕವನ್ನು ನಿಜವಾಗಿ ವಸೂಲಿ ಮಾಡಲಾಯಿತು. ಶುಲ್ಕದ ಗೆರೆಯನ್ನು ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಭಾಗದಷ್ಟು ಕಡಿಮೆಯಾದವು. ಆರಂಭಕ್ಕೆ ಮೊದಲು ಯೋಜನೆಗೆ ಬಹಳ ವಿರೋಧವಿತ್ತು. ಖಾಲಿಯಾದ ರಸ್ತೆಗಳನ್ನು ಕಣ್ಣಾರೆ ಕಂಡ ಮೇಲೆ, ಸೆಪ್ಟೆಂಬರ್ 17ರ ಸಲಹಾ ಮತದಾನದಲ್ಲಿ, ನಗರದ ಜನ ಕಡಿಮೆ ಅಂತರದಿಂದ ‘ಹೌದು’ ಎಂದರು. ಸುತ್ತಲಿನ ಹಲವು ಮುನಿಸಿಪಾಲಿಟಿಗಳು ತಾವಾಗಿಯೇ ಮತದಾನ ನಡೆಸಿದವು, ಅಲ್ಲಿ ಒಟ್ಟಾರೆ ಬಹುಮತ ‘ಇಲ್ಲ’ ಎಂಬುದರ ಕಡೆಗಿತ್ತು. ಯಾರ ಮಾತನ್ನು ಕೇಳಬೇಕು? ಅದೇ ದಿನದ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದು ಬಂದ ಹೊಸ ಸರ್ಕಾರ ನಗರದ ಮತವನ್ನು ಮಾನ್ಯ ಮಾಡಿ, ಬಂದ ಹಣದಲ್ಲಿ ಆ ಪ್ರದೇಶದ ರಸ್ತೆಗಳಿಗೂ ಪಾಲು ಕೊಟ್ಟು, 2007ರ ಆಗಸ್ಟ್ 1ರಿಂದ ಶುಲ್ಕವನ್ನು ಕಾಯಂ ಮಾಡಿತು.

ಅದೇ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2013ರ ಜನವರಿಯಿಂದ ದಟ್ಟಣೆ ತೆರಿಗೆ ಇದೆ. 2014ರ ಸೆಪ್ಟೆಂಬರ್‌ನ ಸಲಹಾ ಮತದಾನದಲ್ಲಿ ಸುಮಾರು ಶೇ 57ರಷ್ಟು ಜನ ಅದು ಬೇಡವೆಂದರು. ತೆರಿಗೆ ಮುಂದುವರಿಯಿತು, ಏಕೆಂದರೆ ನಗರದ ಅಡಿಯ ರೈಲು ಸುರಂಗವೂ ಸೇರಿದ ದೊಡ್ಡ ಕಾಮಗಾರಿಗಳಿಗೆ ಅದೇ ಹಣವನ್ನು ಆಗಲೇ ಒಪ್ಪಂದದಲ್ಲಿ ಕಟ್ಟಿಹಾಕಿ ಆಗಿತ್ತು. ಆಡಳಿತದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ‘ಇಲ್ಲ’ ಎಂಬ ಉತ್ತರವನ್ನು ಪಾಲಿಸಲು ಸಾಧ್ಯವೇ ಇಲ್ಲದ ಸ್ಥಿತಿಯಲ್ಲಿ ಜನರನ್ನು ಕೇಳಿದ್ದು ಸರಿಯಲ್ಲ. ನಿಮ್ಮ ಕೌನ್ಸಿಲ್ ಈಗಾಗಲೇ ಸೈಕಲ್ ಪಥಕ್ಕೆಂದು ಯಾವುದಾದರೂ ಅನುದಾನವನ್ನು ಪಡೆದು, ಮುಗಿಸುವ ಗಡುವಿಗೆ ಸಹಿ ಹಾಕಿದೆಯೇ ಎಂಬುದನ್ನು ವಿಚಾರಿಸಿ. ಹಾಕಿದ್ದರೆ ಮೊದಲನೆಯ ಪ್ರಶ್ನೆಯನ್ನು ಕೇಳುವುದೇ ಅಪ್ರಾಮಾಣಿಕ.

ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದೂ ಪರಿಹಾರವಲ್ಲ. ಕೆನಡಾದ ವ್ಯಾಂಕೂವರ್ ಪ್ರದೇಶದಲ್ಲಿ 2015ರ ವಸಂತದಲ್ಲಿ ಹತ್ತು ವರ್ಷಗಳ ರೈಲು, ಬಸ್, ಸೇತುವೆ ಯೋಜನೆಗಳಿಗೆಲ್ಲ ಸೇರಿ ಶೇ 0.5ರ ಮಾರಾಟ ತೆರಿಗೆಯನ್ನು ಅಂಚೆ ಮತದ ಮೂಲಕ ಕೇಳಿದಾಗ ಶೇ 61ಕ್ಕಿಂತ ಹೆಚ್ಚು ಜನ ತಿರಸ್ಕರಿಸಿದರು. ಪ್ರಚಾರದ ಬಹುಭಾಗ ಯೋಜನೆಯ ಬದಲು ಸಾರಿಗೆ ಸಂಸ್ಥೆಯ ಆಡಳಿತದ ಸುತ್ತಲೇ ತಿರುಗಿತು. ಜನ ಒಂದು ಸಂಸ್ಥೆಯ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲು ಸಿಗುವ ಮೊದಲ ಮತಪತ್ರವನ್ನು ಬಳಸಿಕೊಳ್ಳುತ್ತಾರೆ.

ಯಾರು ಮತ ಹಾಕುತ್ತಾರೆ ಎಂಬುದು ಮತ್ತೊಂದು ಮಾತು. ಪ್ಯಾರಿಸ್‌ನಲ್ಲಿ 2023ರ ಏಪ್ರಿಲ್ 2ರಂದು ಬಾಡಿಗೆ ಇ-ಸ್ಕೂಟರ್‌ಗಳ ಬಗ್ಗೆ ಕೇಳಿದಾಗ ಸುಮಾರು ಶೇ 89ರಷ್ಟು ಮತ ವಿರುದ್ಧವಾಗಿ ಬಂದಿತು, ಆದರೆ ಮತಗಟ್ಟೆಗೆ ಬಂದವರು ಶೇ 8ಕ್ಕಿಂತ ಕಡಿಮೆ. ನವೆಂಬರ್‌ನ ಸಾಮಾನ್ಯ ಚುನಾವಣೆಯ ಜೊತೆಗೇ ನಡೆಯುವುದರಿಂದ ನಿಮ್ಮ ಪಟ್ಟಣಕ್ಕೆ ಆ ತೊಂದರೆ ಅಷ್ಟಿಲ್ಲ. ನಿಮ್ಮಲ್ಲಿ ಬರಬಹುದಾದ ತೊಂದರೆ ರಸ್ತೆಯ ಪಕ್ಕದವರಿಗೂ ದೂರದವರಿಗೂ ನಡುವಿನದು. ಸ್ಯಾನ್ ಫ್ರಾನ್ಸಿಸ್ಕೊ ನಗರ 2024ರ ನವೆಂಬರ್‌ನಲ್ಲಿ ಕಡಲತೀರದ ಗ್ರೇಟ್ ಹೈವೇಯ ಒಂದು ಭಾಗವನ್ನು ಕಾರುಗಳಿಗೆ ಮುಚ್ಚಿ ಉದ್ಯಾನ ಮಾಡುವ ಪ್ರಸ್ತಾವವನ್ನು ಸುಮಾರು ಶೇ 55ರ ಬಹುಮತದಿಂದ ಒಪ್ಪಿತು. ಅದು ಸಲಹೆಯಾಗಿರದೆ ಬದ್ಧಗೊಳಿಸುವ ಮತವಾಗಿತ್ತು. ಆ ರಸ್ತೆಯನ್ನು ದಿನವೂ ಬಳಸುತ್ತಿದ್ದ ಸನ್‌ಸೆಟ್ ಬಡಾವಣೆಯ ಬಹುಪಾಲು ಜನ ವಿರೋಧಿಸಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅವರು ತಮ್ಮ ಪ್ರತಿನಿಧಿ ಜೋಯಲ್ ಎಂಗಾರ್ಡಿಯೊ ಅವರನ್ನು ಅದೇ ಸಿಟ್ಟಿನಿಂದ ಹುದ್ದೆಯಿಂದ ವಾಪಸ್ ಕರೆಸಿಕೊಂಡರು. ಇಡೀ ಊರಿನ ಬಹುಮತ ಒಂದು ಬೀದಿಯ ಜಗಳವನ್ನು ತೀರಿಸುತ್ತದೆ ಎಂದು ನಂಬಿರುವ ನಿಮ್ಮ ಕೌನ್ಸಿಲರ್‌ಗಳು ಆ ಪ್ರಕರಣವನ್ನು ಓದಬೇಕು.

ನಿಮ್ಮ ಮೊದಲನೆಯ ಪ್ರಶ್ನೆ, ಅಂದರೆ ಪಥ ಕಡಿಮೆ ಮಾಡುವುದು, ಮತಪತ್ರಕ್ಕೆ ಹೋಗಬೇಕಾದ ವಿಷಯವೇ ಅಲ್ಲ ಎನ್ನುವುದು ನನ್ನ ನಿಲುವು. ನಾಲ್ಕು ಪಥಗಳ ರಸ್ತೆಯನ್ನು ಎರಡೂ ದಿಕ್ಕಿಗೆ ಒಂದೊಂದು ಪಥ, ನಡುವೆ ಎಡಕ್ಕೆ ತಿರುಗುವವರಿಗೆ ಒಂದು ಪಥ, ಅಂಚಿನಲ್ಲಿ ಸೈಕಲ್ ಪಥ ಎಂದು ಮರುವಿಂಗಡಿಸುವುದು ಅಮೆರಿಕದಲ್ಲಿ ಚೆನ್ನಾಗಿ ಪರೀಕ್ಷೆಯಾದ ಕ್ರಮ. ಇದರಿಂದ ಒಟ್ಟು ಅಪಘಾತಗಳು ಶೇ 19ರಿಂದ 47ರವರೆಗೆ ಕಡಿಮೆಯಾಗುತ್ತವೆ ಎಂಬುದು ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತದ ಅಂದಾಜು. ದಿನಕ್ಕೆ ಸುಮಾರು 20,000 ವಾಹನಗಳವರೆಗೆ ಇರುವ ರಸ್ತೆಗೆ ಇದು ಹೊಂದುತ್ತದೆ ಎಂದೂ ಅದು ಹೇಳುತ್ತದೆ. ‘ಎರಡು ಪಥ ತೆಗೆಯಬೇಕೇ’ ಎಂಬ ಪ್ರಶ್ನೆಯಲ್ಲಿ ಆ ನಡುವಿನ ಪಥ ಕಾಣುವುದೇ ಇಲ್ಲ. ಬಣ್ಣ, ರಬ್ಬರ್ ಕಂಬ ಮತ್ತು ಸಿಗ್ನಲ್ ಸಮಯದ ಬದಲಾವಣೆ ಇಷ್ಟರಿಂದಲೇ ಆರು ತಿಂಗಳು ಪ್ರಯೋಗ ನಡೆಸಿ, ಪ್ರಯಾಣದ ಸಮಯ ಎಷ್ಟು ಹೆಚ್ಚಿತು, ಅಪಘಾತ ಎಷ್ಟಾಯಿತು, ಪಕ್ಕದ ಗಲ್ಲಿಗಳಿಗೆ ಎಷ್ಟು ವಾಹನ ನುಗ್ಗಿತು ಎಂದು ಅಳೆದು ತೋರಿಸಿದರೆ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಅದಕ್ಕೂ ಮೊದಲು ಆ ರಸ್ತೆ ಯಾರದ್ದು ಎಂದು ಕೇಳಿ. ಬೇ ಏರಿಯಾದ ಅನೇಕ ಊರುಗಳ ನಡುವೆ ಹಾದುಹೋಗುವ ಎಲ್ ಕ್ಯಾಮಿನೊ ರಿಯಲ್ ಬಹುಮಟ್ಟಿಗೆ 82ನೇ ರಾಜ್ಯ ಹೆದ್ದಾರಿ. ಅದರ ಪಥಗಳನ್ನು ಬದಲಾಯಿಸಲು ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಒಪ್ಪಬೇಕು. ನಿಮ್ಮ ಮುಖ್ಯರಸ್ತೆಯೂ ಅಂಥದ್ದಾದರೆ, ಕೌನ್ಸಿಲ್ ತನ್ನ ಕೈಯಲ್ಲಿಲ್ಲದ ವಿಷಯದ ಬಗ್ಗೆ ಜನರ ಸಲಹೆ ಕೇಳುತ್ತಿದೆ ಎಂದಾಗುತ್ತದೆ.

ಕರ್ನಾಟಕದ ವಿಷಯದಲ್ಲಿ ಉತ್ತರ ಚಿಕ್ಕದು: 1964ರ ಕರ್ನಾಟಕ ಪುರಸಭೆಗಳ ಕಾಯಿದೆಯಲ್ಲಾಗಲಿ 1976ರ ಮಹಾನಗರಪಾಲಿಕೆಗಳ ಕಾಯಿದೆಯಲ್ಲಾಗಲಿ ಇಂಥ ಮತದಾನದ ವ್ಯವಸ್ಥೆ ಇಲ್ಲ. ಇರುವುದು ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸುವ ಪ್ರಕಟಣೆ, ಹಾಗೂ ಸಂವಿಧಾನದ 74ನೇ ತಿದ್ದುಪಡಿಯಿಂದ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಬಂದ ವಾರ್ಡ್ ಸಮಿತಿ. ಇದ್ದಿದ್ದರೂ ಹೆಚ್ಚು ಪ್ರಯೋಜನ ಆಗುತ್ತಿತ್ತೇ ಎಂಬುದು ಅನುಮಾನ, ಏಕೆಂದರೆ ನಮ್ಮಲ್ಲಿ ಬಸ್ಸು ರಾಜ್ಯ ಸರ್ಕಾರದ ನಿಗಮದ್ದು, ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಸಿಗ್ನಲ್ ಪೊಲೀಸರದ್ದು. ಪುರಸಭೆ ಏನನ್ನು ಕೇಳಬೇಕು? ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಜನ 2016ರ ಅಕ್ಟೋಬರ್‌ನಲ್ಲಿ ಮಾನವ ಸರಪಳಿ ಮಾಡಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬೇಡ ಎನ್ನಲು ಆ ದಾರಿ ಸಾಕಾಯಿತು, ಅದರ ಬದಲು ಏನು ಬೇಕು ಎಂದು ಊರು ತೀರ್ಮಾನಿಸಲು ಮಾತ್ರ ಅದರಿಂದ ಆಗಲಿಲ್ಲ. 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ವಾಹನಗಳಿಗೆ ಮುಚ್ಚಿ ನೋಡಿದ್ದು ನನಗೆ ಹೆಚ್ಚು ಹಿಡಿಸಿದ ಕ್ರಮ. ಸ್ಟಾಕ್‌ಹೋಮ್‌ನಂತೆ ಅಲ್ಲಿಯೂ ಮೊದಲು ಮಾಡಿ ತೋರಿಸಲಾಯಿತು.

ಇನ್ನು ನೀವು ಸಭೆಯಲ್ಲಿ ಮಾತನಾಡುವ ಬಗ್ಗೆ. ಮಾತನಾಡಬಹುದು, ಖಂಡಿತವಾಗಿ. ಸ್ಥಳೀಯ ಸಂಸ್ಥೆಗಳ ಸಭೆಗಳು ಜನರಿಗೆ ತೆರೆದಿರಬೇಕೆನ್ನುವ ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯಿದೆಯ ಪ್ರಕಾರ ಸಾರ್ವಜನಿಕರಲ್ಲಿ ಯಾರಿಗಾದರೂ ಆ ಅವಕಾಶ ಕೊಡಬೇಕು. ಪೌರತ್ವ, ಮತದಾರರ ಪಟ್ಟಿ ಯಾವುದನ್ನೂ ಕೇಳುವಂತಿಲ್ಲ, ಸಭೆಗೆ ಬರಲು ಹೆಸರು ನೋಂದಾಯಿಸಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ. ವೀಸಾದ ಮೇಲಿರುವ ನಮ್ಮವರು ಬಹಳ ಮಂದಿ ತಮಗೆ ಇದರಲ್ಲಿ ಮಾತಿಲ್ಲವೆಂದು ತಿಳಿದು ಸುಮ್ಮನಿರುತ್ತಾರೆ. ಆದರೆ ಮಾರಾಟ ತೆರಿಗೆಯನ್ನು ಅವರೂ ಕೊಡುತ್ತಾರೆ, ಅವರ ಮಕ್ಕಳೂ ಅದೇ ರಸ್ತೆಯಲ್ಲಿ ಶಾಲೆಗೆ ಸೈಕಲ್ ತುಳಿಯುತ್ತಾರೆ. ಮತಪತ್ರದಲ್ಲಿ ನಿಮ್ಮ ಧ್ವನಿಗೆ ಜಾಗವಿಲ್ಲ. ಆದ್ದರಿಂದ ಪ್ರಶ್ನೆ ರೂಪುಗೊಳ್ಳುವ ಈ ಹಂತವೇ ನಿಮಗೆ ಮುಖ್ಯವಾದದ್ದು. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮೊದಲು ಪ್ರಕಟಿಸಬೇಕು. ಅದನ್ನು ನೋಡಿ, ನಿಮ್ಮ ಮಾತನ್ನು ಪತ್ರದಲ್ಲಿಯೂ ಕಳುಹಿಸಿ, ಏಕೆಂದರೆ ಮಾತಿಗೆ ಸಿಗುವ ಅವಧಿ ಸಾಮಾನ್ಯವಾಗಿ ಮೂರು ನಿಮಿಷ ಅಥವಾ ಅದಕ್ಕಿಂತ ಕಡಿಮೆ.

ಆ ಮೂರು ನಿಮಿಷಗಳಲ್ಲಿ ಸೈಕಲ್ ಪಥ ಬೇಕೇ ಬೇಡವೇ ಎಂಬ ವಾದಕ್ಕೆ ಇಳಿಯಬೇಡಿ. ಅದನ್ನು ಹೇಳುವವರು ಬೇರೆ ಬಹಳ ಮಂದಿ ಇರುತ್ತಾರೆ. ಪ್ರಶ್ನೆಯನ್ನು ಮತಪತ್ರಕ್ಕೆ ಕಳುಹಿಸುವ ನಿರ್ಣಯದಲ್ಲೇ ಇನ್ನೊಂದು ವಾಕ್ಯವನ್ನು ಸೇರಿಸುವಂತೆ ಕೇಳಿ: ‘ಹೌದು’ ಎಂಬುದಕ್ಕೆ ಬಹುಮತ ಬಂದರೆ ಇಷ್ಟು ತಿಂಗಳೊಳಗೆ ಇಂಥ ಕೆಲಸ, ‘ಇಲ್ಲ’ ಎಂಬುದಕ್ಕೆ ಬಂದರೆ ಇಷ್ಟು ವರ್ಷ ಈ ಪ್ರಸ್ತಾವ ಮತ್ತೆ ಬರುವುದಿಲ್ಲ. ಅದು ಮುಂದಿನ ಕೌನ್ಸಿಲನ್ನು ಕಾನೂನಿನಿಂದ ಕಟ್ಟಿಹಾಕುವುದಿಲ್ಲವಾದರೂ, ಆ ವಾಕ್ಯಕ್ಕೆ ಕೈ ಎತ್ತಲು ಹಿಂಜರಿಯುವ ಸದಸ್ಯರು ಯಾರು ಎಂಬುದು ಅದೇ ಸಭೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಪಟ್ಟಣದ ವಕೀಲರಿಂದ ನಿಷ್ಪಕ್ಷಪಾತ ವಿಶ್ಲೇಷಣೆಯನ್ನು ಬರೆಸುವಂತೆಯೂ ಕೇಳಿ. ಅದು 500 ಪದಗಳವರೆಗೆ ಇರಬಹುದು, 75 ಪದಗಳಲ್ಲಿ ಹಿಡಿಯದ ಖರ್ಚಿನ ಲೆಕ್ಕ ಅಲ್ಲಿ ಬರಬಹುದು, ಆದರೆ ಕೌನ್ಸಿಲ್ ಸೂಚಿಸಿದರೆ ಮಾತ್ರ ಅದು ಸಿದ್ಧವಾಗುತ್ತದೆ. ಪ್ರಶ್ನೆ ಮತಪತ್ರಕ್ಕೆ ಹೋದ ಮೇಲೆ ಪಟ್ಟಣವು ಸಾರ್ವಜನಿಕ ಹಣದಿಂದ ಒಂದು ಬದಿಯ ಪರವಾಗಿ ಪ್ರಚಾರ ಮಾಡುವಂತಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲೇ ತೀರ್ಪು ಕೊಟ್ಟಿದೆ. ಹೀಗಾಗಿ ವಾಹನಗಳ ಎಣಿಕೆ, ಬಸ್ಸಿನ ಖರ್ಚು ಮುಂತಾದ ಅಂಕಿಅಂಶಗಳನ್ನೆಲ್ಲ ಅದಕ್ಕೆ ಮೊದಲೇ ಪ್ರಕಟಿಸುವಂತೆ ಒತ್ತಾಯಿಸಬೇಕು. ಚುನಾವಣೆಗೆ 88 ದಿನ ಮೊದಲು ನಿರ್ಣಯ ಕೌಂಟಿಯ ಚುನಾವಣಾ ಕಚೇರಿಯನ್ನು ತಲುಪಬೇಕಾಗಿರುವುದರಿಂದ, ನವೆಂಬರ್ ಮತದಾನಕ್ಕೆ ಆಗಸ್ಟ್‌ನ ಮೊದಲ ಅಥವಾ ಎರಡನೆಯ ವಾರವೇ ಕೊನೆಯ ಗಡುವು. ಬೇಸಿಗೆಯಲ್ಲಿ ಅನೇಕ ಕೌನ್ಸಿಲ್‌ಗಳು ಕೆಲವು ವಾರ ಸಭೆ ಸೇರುವುದಿಲ್ಲ. ಜೂನ್‌ನ ಸಭೆಗಳಲ್ಲೇ ಈ ಮಾತುಗಳು ದಾಖಲಾಗುವಂತೆ ನೋಡಿಕೊಳ್ಳಿ.